ಐಸಿಯುನಿಂದ ಬಂದವರಿಗೂ ಒಂದು ಬಾಣಂತನ ಬೇಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಈ ವಾರದ ವಿಷಯ ಸ್ವಲ್ಪ ಭಾರದ್ದು. ಆದ್ರೆ ತುಂಬಾ ಮನೆಗಳು ಅನುಭವಿಸಿರೋದೇ.

ಮನೆಯಲ್ಲಿ ಒಬ್ಬರು ಐಸಿಯು ಸೇರ್ತಾರೆ. ವೆಂಟಿಲೇಟರ್ ಹಾಕ್ತಾರೆ. ಉಳಿದವರು ಹೊರಗಡೆ ಕುರ್ಚಿ ಮೇಲೆ, ನೆಲದ ಮೇಲೆ ರಾತ್ರಿ ಕಳೀತಾರೆ, ಹರಕೆ ಹೊರ್ತಾರೆ, ಸಾಲ ಮಾಡ್ತಾರೆ. ಕೊನೆಗೊಂದು ದಿನ ಡಾಕ್ಟರು "ಇನ್ನು ಮನೆಗೆ ಕರ್ಕೊಂಡು ಹೋಗಿ" ಅಂತಾರೆ. ಬಾಗಿಲಲ್ಲಿ ಆರತಿ ಎತ್ತಿ ಒಳಗೆ ಕರ್ಕೊಳ್ತೀವಿ. ನೋಡೋಕೆ ಬಂದ ನೆಂಟರು "ಸಾವನ್ನೇ ಗೆದ್ದು ಬಂದ್ರಿ" ಅಂತಾರೆ.

ಅಲ್ಲಿಗೆ ಎಲ್ಲಾ ಮುಗೀತು ಅನ್ನೋದು ನಮ್ಮ ಲೆಕ್ಕ. ಆದ್ರೆ ಬಂದವರಿಗೆ ಚೊಂಬು ನೀರು ಎತ್ತಿದ್ರೆ ಕೈ ನಡುಗುತ್ತೆ. ಶೌಚಾಲಯದಲ್ಲಿ ಕೂತ್ರೆ ಎದ್ದೇಳೋಕೆ ಆಗಲ್ಲ. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರಲ್ಲ. ರಾತ್ರಿ ಬೆಚ್ಚಿ ಏಳ್ತಾರೆ. ಮೊದಲ ಎರಡು ವಾರ ಎಲ್ಲರೂ ಸುತ್ತ ಇರ್ತಾರೆ. ಮೂರನೇ ವಾರದ ಹೊತ್ತಿಗೆ ಮಾತಿನ ಧಾಟಿ ಬದಲಾಗುತ್ತೆ: "ರಿಪೋರ್ಟ್ ಎಲ್ಲಾ ನಾರ್ಮಲ್ ಇದೆಯಲ್ಲ, ಇನ್ನೂ ಯಾಕೆ ಮಲಗಿರೋದು? ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ."

ಇದು ಸೋಮಾರಿತನ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ, ಕಾರಣಗಳಿವೆ, ಮಾಡಬಹುದಾದ ಕೆಲಸಗಳೂ ಇವೆ. ನಾನು ಓದಿದ್ದು ಬಿಕಾಂ, ಡಾಕ್ಟರಲ್ಲ. ಹಾಗಾಗಿ ಚಿಕಿತ್ಸೆಯ ಸಲಹೆ ಕೊಡಲ್ಲ. ಗೊತ್ತಿದ್ದರೆ ಮನೆಯವರಿಗೆ ಉಪಯೋಗ ಆಗೋ ಸಂಗತಿಗಳನ್ನಷ್ಟೇ ಒಂದೊಂದಾಗಿ ಬಿಡಿಸಿ ಇಡ್ತೀನಿ.

ಇದಕ್ಕೊಂದು ಹೆಸರು ಸಿಗೋಕೆ ಅರವತ್ತು ವರ್ಷ ಬೇಕಾಯ್ತು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಾವಳಿ ಎದ್ದಿತ್ತು. ಉಸಿರಾಟದ ಸ್ನಾಯುಗಳೇ ನಿಂತುಹೋದ ರೋಗಿಗಳು ದಿನವೂ ಬರ್ತಿದ್ರು. ಬಿಯೋರ್ನ್ ಇಬ್ಸೆನ್ ಅನ್ನೋ ಅರಿವಳಿಕೆ ತಜ್ಞರು ಗಂಟಲಲ್ಲಿ ರಂಧ್ರ ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲವನ್ನ ಕೈಯಿಂದ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬೋ ವಿಧಾನ ತಂದರು. ಒತ್ತೋಕೆ ಯಂತ್ರ ಇರಲಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಮೇಲೆ ಹಗಲು ರಾತ್ರಿ ಕೂತು ಒತ್ತಿದರು. ಮರುವರ್ಷ ಅದೇ ಊರಲ್ಲಿ, ಇಂಥ ರೋಗಿಗಳನ್ನೆಲ್ಲ ಒಂದೇ ಕಡೆ ನೋಡಿಕೊಳ್ಳೋ ಘಟಕ ಶುರುವಾಯ್ತು. ಇವತ್ತಿನ ಐಸಿಯುಗೆ ಅದೇ ಮೂಲ ಅಂತ ಹೇಳ್ತಾರೆ.

ಆಗಿಂದ ಮುಂದಿನ ಹಲವು ದಶಕ ಐಸಿಯು ಒಂದೇ ಅಂಕ ನೋಡ್ತಿತ್ತು: ಎಷ್ಟು ಜನ ಉಳಿದರು? ಉಳಿದು ಮನೆಗೆ ಹೋದವರು ಏನಾದರು ಅಂತ ಕೇಳಿದವರು ಕಡಿಮೆ.

2003ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮಾರ್ಗರೆಟ್ ಹೆರಿಜ್ ಮತ್ತು ಅವರ ತಂಡ ಈ ಪ್ರಶ್ನೆ ಕೇಳಿತು. ಶ್ವಾಸಕೋಶ ತೀವ್ರವಾಗಿ ಕೆಟ್ಟು ಐಸಿಯು ಸೇರಿ ಉಳಿದ 109 ಜನರನ್ನ ಒಂದು ವರ್ಷ ಹಿಂಬಾಲಿಸಿದರು. ಮುದುಕರಲ್ಲ ಇವರು, ಹೆಚ್ಚುಕಮ್ಮಿ 45ರ ಆಸುಪಾಸಿನವರು. ಐಸಿಯುನಿಂದ ಹೊರಬರುವಾಗ ಮೊದಲಿದ್ದ ತೂಕದಲ್ಲಿ ಶೇ 18ರಷ್ಟು ಕಳೆದುಕೊಂಡಿದ್ದರು. ಆರು ತಿಂಗಳ ಹೊತ್ತಿಗೆ ಶ್ವಾಸಕೋಶದ ಪರೀಕ್ಷೆಗಳು ಬಹುಮಟ್ಟಿಗೆ ನಾರ್ಮಲ್. ಆದ್ರೆ ಒಂದು ವರ್ಷ ಆದಮೇಲೂ ನಡಿಗೆ ಮೊದಲಿನಂತಿಲ್ಲ, ಸ್ನಾಯುಗಳಲ್ಲಿ ಶಕ್ತಿ ಇಲ್ಲ. ವಾಪಸ್ ಕೆಲಸಕ್ಕೆ ಹೋದವರು ಸುಮಾರು ಅರ್ಧದಷ್ಟು ಮಾತ್ರ.

"ರಿಪೋರ್ಟ್ ನಾರ್ಮಲ್ ಇದೆಯಲ್ಲ" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತೆ. ಕೆಟ್ಟಿದ್ದ ಅಂಗ ಸರಿಹೋದ ಮೇಲೂ ಐಸಿಯು ವಾಸದ ಬಾಕಿ ಉಳಿದಿರುತ್ತೆ.

2010ರಲ್ಲಿ ಅಮೆರಿಕದ ತೀವ್ರ ನಿಗಾ ತಜ್ಞರ ಸಂಘ ಸಭೆ ಸೇರಿಸಿ ಇದಕ್ಕೊಂದು ಹೆಸರು ಗೊತ್ತು ಮಾಡಿತು, 2012ರಲ್ಲಿ ಪ್ರಕಟಿಸಿತು: ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್. ಚುಟುಕಾಗಿ 'ಪಿಕ್ಸ್' ಅಂತಾರೆ. ಇದರಲ್ಲಿ ಮೂರು ಭಾಗ. ದೇಹದ್ದು, ಯೋಚನಾಶಕ್ತಿಯದ್ದು, ಮನಸ್ಸಿನದ್ದು. ಒಬ್ಬರಿಗೆ ಒಂದೇ ಇರಬಹುದು, ಮೂರೂ ಇರಬಹುದು.

ದೇಹ: ತೊಡೆ ಯಾಕೆ ಬತ್ತಿಹೋಯ್ತು?

ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರನ್ನ ನೋಡಿದ್ದೀರಲ್ಲ. ಪ್ಲಾಸ್ಟರ್ ತೆಗೆದಾಗ ಆ ಕಾಲು ಇನ್ನೊಂದಕ್ಕಿಂತ ಸಣ್ಣಗಾಗಿರುತ್ತೆ. ಐಸಿಯುನಲ್ಲಿ ಇಡೀ ದೇಹಕ್ಕೆ ಹಾಗಾಗುತ್ತೆ, ಅದೂ ಇನ್ನಷ್ಟು ಬೇಗ. ಮಲಗಿರೋದು ಒಂದೇ ಕಾರಣ ಅಲ್ಲ. ಸೋಂಕಿನ ಜೊತೆ ಹೋರಾಡೋ ದೇಹ ತನ್ನದೇ ಸ್ನಾಯುವನ್ನ ಕರಗಿಸಿಕೊಳ್ಳುತ್ತೆ. ನರಗಳಿಗೂ ಪೆಟ್ಟು ಬೀಳುತ್ತೆ. 2013ರಲ್ಲಿ ಬ್ರಿಟನ್‌ನ ತಂಡವೊಂದು ತೀವ್ರ ಅಸ್ವಸ್ಥರ ತೊಡೆಯ ಸ್ನಾಯುವನ್ನ ಸ್ಕ್ಯಾನ್ ಮಾಡಿ ಅಳೆದಾಗ, ಹತ್ತೇ ದಿನದಲ್ಲಿ ಸರಾಸರಿ ಶೇ 18ರ ಹತ್ತಿರ ಕುಗ್ಗಿತ್ತು.

ಹತ್ತು ದಿನದಲ್ಲಿ ಹೋಗಿದ್ದು ಹತ್ತು ದಿನದಲ್ಲಿ ವಾಪಸ್ ಬರಲ್ಲ. ತಿಂಗಳುಗಳೇ ಬೇಕು.

ಇದರ ಜೊತೆ ಸಣ್ಣ ಸಣ್ಣ ತೊಂದರೆಗಳೂ ಇರ್ತವೆ. ಗಂಟಲಲ್ಲಿ ಕೊಳವೆ ಇದ್ದಿದ್ದರಿಂದ ದನಿ ಗೊಗ್ಗರಾಗಿರುತ್ತೆ, ನುಂಗುವಾಗ ಕೆಮ್ಮು ಬರುತ್ತೆ. ಬಾಯಿ ರುಚಿ ಕೆಟ್ಟಿರುತ್ತೆ. ಎರಡು ಮೂರು ತಿಂಗಳಿಗೆ ಕೂದಲು ಉದುರೋಕೆ ಶುರುವಾಗುತ್ತೆ. ಆಗ ಹೊಸ ಕಾಯಿಲೆ ಬಂತೇನೋ ಅಂತ ಹೆದರ್ತಾರೆ. ದೊಡ್ಡ ಕಾಯಿಲೆ ಆದಮೇಲೆ ಹೀಗೆ ಕೂದಲು ಉದುರೋದು ಸಾಮಾನ್ಯ, ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತೆ. ಆದ್ರೆ ನುಂಗುವಾಗ ಪದೇಪದೇ ಕೆಮ್ಮು ಬರ್ತಿದ್ರೆ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ. ಅನ್ನ, ನೀರು ಶ್ವಾಸನಾಳಕ್ಕೆ ಹೋಗ್ತಿರಬಹುದು.

ಯೋಚನೆ: ಲೆಕ್ಕ ತಪ್ಪಿದ ಅಂಗಡಿ

ಎರಡನೇ ಭಾಗ ಕಣ್ಣಿಗೆ ಕಾಣಲ್ಲ. ಅದಕ್ಕೇ ಹೆಚ್ಚು ಜಗಳಕ್ಕೆ ಕಾರಣ ಆಗೋದು.

ನಮ್ಮ ದೊಡ್ಡಪ್ಪನದು ತಿಪಟೂರಿನಲ್ಲಿ ಒಂದು ದಿನಸಿ ಅಂಗಡಿ. ಮೂವತ್ತು ವರ್ಷ ಬಾಯಿಲೆಕ್ಕದಲ್ಲೇ ವ್ಯಾಪಾರ ಮಾಡಿದವರು. ಹದಿನೈದು ಸಾಮಾನು ಕಟ್ಟಿಕೊಟ್ಟು, ಪೆನ್ನು ಮುಟ್ಟದೆ ಮೊತ್ತ ಹೇಳ್ತಿದ್ರು. ನ್ಯುಮೋನಿಯಾ ಆಗಿ, ಸೋಂಕು ರಕ್ತಕ್ಕೆ ಹೋಗಿ, ಹನ್ನೊಂದು ದಿನ ವೆಂಟಿಲೇಟರ್ ಮೇಲಿದ್ದು ಬಂದರು. ಎರಡು ತಿಂಗಳಿಗೆ ಅಂಗಡಿಗೆ ಹೋಗಿ ಕೂತರು. ಕೂತ ಮೊದಲ ವಾರವೇ ಚಿಲ್ಲರೆ ತಪ್ಪಿ ಕೊಡೋಕೆ ಶುರುವಾಯ್ತು. ಉದ್ರಿ ಪುಸ್ತಕದಲ್ಲಿ ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಬರೆದಿದ್ದರು. ಇಬ್ಬರು ಗಿರಾಕಿ ಒಟ್ಟಿಗೆ ಮಾತಾಡಿದ್ರೆ ತಬ್ಬಿಬ್ಬಾಗ್ತಿದ್ರು. ಮನೆಯಲ್ಲಿ ಒಬ್ಬರು "ಗಮನ ಇಲ್ಲ" ಅಂದ್ರು, ಇನ್ನೊಬ್ಬರು "ವಯಸ್ಸಾಯ್ತು" ಅಂದ್ರು. ದೊಡ್ಡಪ್ಪ ಮಾತು ಕಡಿಮೆ ಮಾಡಿದರು. ಆಮೇಲೆ ಅಂಗಡಿಗೆ ಹೋಗೋದನ್ನೇ ಬಿಟ್ಟರು. ಆಗ ಅವರಿಗೆ 54.

2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಂಕಿಅಂಶದಲ್ಲಿ ಹೇಳುತ್ತೆ. ಅಮೆರಿಕದ ನ್ಯಾಶ್‌ವಿಲ್‌ನ ವೈದ್ಯರು ಐಸಿಯು ಸೇರಿದ 821 ಜನರನ್ನ ಅಧ್ಯಯನಕ್ಕೆ ತೆಗೆದುಕೊಂಡರು. ಮೂರು ತಿಂಗಳ ನಂತರ ಪರೀಕ್ಷೆ ಮಾಡಿದಾಗ, ಶೇ 40ರಷ್ಟು ಜನರ ಅಂಕಗಳು ತಲೆಗೆ ಮಧ್ಯಮ ಪ್ರಮಾಣದ ಪೆಟ್ಟು ಬಿದ್ದವರ ಮಟ್ಟದಲ್ಲಿದ್ದವು. ಒಂದು ವರ್ಷಕ್ಕೂ ಶೇ 34ರಷ್ಟು ಜನ ಅದೇ ಮಟ್ಟದಲ್ಲಿದ್ದರು. ವಯಸ್ಸಾದವರಿಗೆ ಮಾತ್ರ ಅಲ್ಲ, ಚಿಕ್ಕ ವಯಸ್ಸಿನವರಿಗೂ ಹೀಗಾಗಿತ್ತು. ಐಸಿಯುನಲ್ಲಿ ಹೆಚ್ಚು ದಿನ 'ಡಿಲೀರಿಯಂ' ಇದ್ದವರಿಗೆ ತೊಂದರೆ ಹೆಚ್ಚಿತ್ತು.

ಡಿಲೀರಿಯಂ ಅಂದ್ರೆ ದಿಕ್ಕು ತಪ್ಪಿದ ಪ್ರಜ್ಞೆ. ಎಲ್ಲಿದ್ದೀನಿ, ಹಗಲೋ ರಾತ್ರಿಯೋ, ಎದುರಿಗೆ ನಿಂತವರು ಯಾರು ಅಂತ ಗೊತ್ತಾಗಲ್ಲ. ಕೆಲವರು ಕೂಗಾಡ್ತಾರೆ, ಕೊಳವೆ ಕೀಳೋಕೆ ಹೋಗ್ತಾರೆ. ಇನ್ನು ಕೆಲವರು ಸುಮ್ಮನೆ ಮಂಕಾಗಿ ಬಿದ್ದಿರ್ತಾರೆ, ಹಾಗಾಗಿ ಯಾರ ಗಮನಕ್ಕೂ ಬರಲ್ಲ. ಸೋಂಕು, ಆಮ್ಲಜನಕದ ಕೊರತೆ, ಮಂಪರಿನ ಔಷಧಿ, ನಿದ್ದೆ ಇಲ್ಲದಿರೋದು, ಕಿಟಕಿ ಇಲ್ಲದ ಕೋಣೆಯ ಆರದ ದೀಪ, ಹೀಗೆ ಎಲ್ಲಾ ಸೇರಿ ಆಗೋದು ಇದು. ಕನ್ನಡಕ, ಕಿವಿಯ ಮಿಷನ್ ತೆಗೆದಿಟ್ಟಿದ್ರೆ ಇನ್ನೂ ಜಾಸ್ತಿ ಆಗಬಹುದು. ಭೇಟಿಗೆ ಬಿಟ್ಟಾಗ ಅವನ್ನ ಹಾಕಿಸೋಕೆ ನರ್ಸ್ ಹತ್ರ ಕೇಳಿ. ಇವತ್ತು ಯಾವ ವಾರ, ಹೊರಗೆ ಮಳೆ ಬರ್ತಿದೆಯಾ, ಮನೆಯಲ್ಲಿ ಯಾರಿದ್ದಾರೆ, ಇದನ್ನೆಲ್ಲ ಪರಿಚಿತ ದನಿಯಲ್ಲಿ ಹೇಳಿ. ಸಣ್ಣ ಕೆಲಸವೇ, ಆದ್ರೆ ಅವರಿಗೆ ಜಾಗ ಮತ್ತು ಹೊತ್ತು ತಿಳಿಯೋಕೆ ಅದೊಂದು ಆಸರೆ.

ಮನಸ್ಸು: ನಡೆಯದ ಘಟನೆಯ ನೆನಪು

ಡಿಲೀರಿಯಂ ಸಮಯದಲ್ಲಿ ಕಂಡಿದ್ದು ಕನಸಿನ ಹಾಗೆ ಮರೆತುಹೋಗಲ್ಲ. ನರ್ಸ್ ತನ್ನನ್ನ ಕೊಲ್ಲೋಕೆ ಬಂದಿದ್ರು, ಎಲ್ಲೋ ಕಟ್ಟಿಹಾಕಿದ್ರು, ತೀರಿಕೊಂಡ ಅಮ್ಮ ಪಕ್ಕದಲ್ಲೇ ಕೂತಿದ್ರು, ಹೀಗೆ. ಮನೆಗೆ ಬಂದು ತಿಂಗಳಾದ ಮೇಲೂ ಅದು ನಿಜವಾಗಿ ನಡೆದಂತೆಯೇ ಉಳಿದಿರುತ್ತೆ. ಹೇಳಿದ್ರೆ ಹುಚ್ಚು ಅಂತಾರೆ ಅಂತ ಬಹಳ ಜನ ಹೇಳೋದೇ ಇಲ್ಲ. ಹೇಳಿದವರಿಗೆ ನಮ್ಮಲ್ಲಿ "ಗಾಳಿ ಸೋಕಿದೆ" ಅಂತ ತಾಯತ ಕಟ್ಟಿಸ್ತಾರೆ. ತಾಯತ ಕಟ್ಟೋದು ನಿಮ್ಮ ನಂಬಿಕೆ. ಆದ್ರೆ ಇದು ಐಸಿಯು ರೋಗಿಗಳಲ್ಲಿ ಸಾಮಾನ್ಯವಾಗಿ ಆಗೋ ಸಂಗತಿ ಅಂತ ಯಾರಾದರೂ ಅವರಿಗೆ ಹೇಳಬೇಕು. "ನನಗೊಬ್ಬನಿಗೇ ಹೀಗಲ್ಲ" ಅಂತ ಗೊತ್ತಾದರೇ ಅರ್ಧ ಭಾರ ಇಳಿಯುತ್ತೆ.

ಯುರೋಪಿನ ಕೆಲವು ದೇಶಗಳಲ್ಲಿ ಇದಕ್ಕೊಂದು ಸರಳ ಪದ್ಧತಿ ಇದೆ, ಐಸಿಯು ದಿನಚರಿ. ರೋಗಿಗೆ ಪ್ರಜ್ಞೆ ಇಲ್ಲದ ದಿನಗಳಲ್ಲಿ ಏನೇನಾಯ್ತು ಅಂತ ನರ್ಸ್‌ಗಳು, ಮನೆಯವರು ಒಂದು ಪುಸ್ತಕದಲ್ಲಿ ಬರೆದಿಡ್ತಾರೆ. ಗುಣವಾದ ಮೇಲೆ ರೋಗಿ ಅದನ್ನ ಓದಿ, ಕಳೆದುಹೋದ ದಿನಗಳನ್ನ ಜೋಡಿಸಿಕೊಳ್ತಾರೆ. 2010ರಲ್ಲಿ ಪ್ರಕಟವಾದ, 352 ರೋಗಿಗಳ ಅಧ್ಯಯನದಲ್ಲಿ ದಿನಚರಿ ಸಿಕ್ಕವರಲ್ಲಿ ಹೊಸದಾಗಿ ಆಘಾತದ ಕಾಯಿಲೆ, ಅಂದ್ರೆ ಪಿಟಿಎಸ್‌ಡಿ, ಬಂದವರು ಶೇ 5. ಸಿಗದವರಲ್ಲಿ ಶೇ 13. ಆದ್ರೆ 2019ರಲ್ಲಿ ಫ್ರಾನ್ಸ್‌ನ ಇನ್ನೂ ದೊಡ್ಡ ಅಧ್ಯಯನದಲ್ಲಿ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನ ಔಷಧಿ ಅನ್ನಲ್ಲ. ಆದ್ರೂ ಒಂದು ನೋಟ್‌ಬುಕ್ಕಿಗೆ ಇಪ್ಪತ್ತು ರೂಪಾಯಿ. ಹೇಗಿದ್ರೂ ಹೊರಗೆ ಕೂತೇ ಇರ್ತೀವಲ್ಲ, ದಿನಕ್ಕೆ ನಾಲ್ಕು ಸಾಲು ಬರೆದಿಟ್ಟರೆ ನಷ್ಟ ಏನಿಲ್ಲ.

ಬಾಣಂತನದಿಂದ ಕಲಿಯೋದು

ಈಗ ಶೀರ್ಷಿಕೆಗೆ ಬರ್ತೀನಿ. ದೇಹಕ್ಕೆ ಸಮಯ ಕೊಡೋದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಹೆರಿಗೆ ಆದ ಹೆಣ್ಣುಮಗಳಿಗೆ ಬಡವರ ಮನೆಯಲ್ಲೂ ಕೈಲಾದಷ್ಟು ದಿನ ಬಾಣಂತನ ಮಾಡ್ತಾರೆ. ಊಟ ಬೇರೆ, ಕೆಲಸಕ್ಕೆ ಬಿಡುವು, ಜೊತೆಗೊಬ್ಬರು ಇರಲೇಬೇಕು, ಮೂರು ತಿಂಗಳೋ ಐದು ತಿಂಗಳೋ ಅಂತ ಲೆಕ್ಕ. "ಯಾಕೆ ಇನ್ನೂ ಸುಸ್ತು?" ಅಂತ ಯಾರೂ ಕೇಳಲ್ಲ, ಸುಸ್ತು ಇರುತ್ತೆ ಅಂತ ಎಲ್ಲರಿಗೂ ಗೊತ್ತು. ಐಸಿಯುನಿಂದ ಬಂದವರಿಗೆ ಇಲ್ಲದಿರೋದು ಇದೇ. ಎಷ್ಟು ದಿನ, ಏನು ಊಟ, ಯಾರು ಜೊತೆಗೆ, ಯಾವ ಕೆಲಸ ಯಾವಾಗ ಅನ್ನೋ ಒಪ್ಪಿತ ಕ್ರಮ.

ಒಂದೇ ವ್ಯತ್ಯಾಸ. ಬಾಣಂತನದಲ್ಲಿ ಮಲಗಿಸ್ತೀವಿ, ಇಲ್ಲಿ ನಡೆಸಬೇಕು.

ಡಿಸ್ಚಾರ್ಜ್ ಆಗೋ ಮುಂಚೆ ಫಿಸಿಯೋಥೆರಪಿಸ್ಟ್ ಹತ್ರ ಮನೆಯಲ್ಲಿ ಮಾಡೋ ವ್ಯಾಯಾಮ ಕೇಳಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಸಾಮಾನ್ಯವಾಗಿ ಮೊದಲು ಹೇಳಿಕೊಡೋದು ಕುರ್ಚಿಯಿಂದ ಎದ್ದು ಕೂರೋದು. ಕುರ್ಚಿಯನ್ನ ಗೋಡೆಗೆ ಒತ್ತಿಡಿ, ಪಕ್ಕದಲ್ಲಿ ಒಬ್ಬರು ಇರಿ. ಇವತ್ತು ಮೂರು ಸಲ ಆದ್ರೆ ಮುಂದಿನ ವಾರ ಐದು. ಆಮೇಲೆ ಹಜಾರದಿಂದ ಅಂಗಳ, ಅಂಗಳದಿಂದ ಬೀದಿ ತುದಿ. ಚೆನ್ನಾಗಿದೆ ಅನಿಸಿದ ದಿನ ಎಲ್ಲಾ ಒಟ್ಟಿಗೆ ಮಾಡಿ, ಮಾರನೇ ದಿನ ಪೂರ್ತಿ ಮಲಗೋದು ಬೇಡ. ದಿನಾ ಸ್ವಲ್ಪ ಸ್ವಲ್ಪ.

ಊಟದಲ್ಲಿ ಬರೀ ಗಂಜಿ, ಬ್ರೆಡ್ಡಿನಿಂದ ಸ್ನಾಯು ಬೆಳೆಯಲ್ಲ. ಮೊಟ್ಟೆ, ಬೇಳೆ, ಮೊಳಕೆಕಾಳು, ಹಾಲು, ಮೊಸರು, ತಿನ್ನೋರಾದರೆ ಮೀನು, ಕೋಳಿ, ಇವು ಬೇಕು. ಒಂದೇ ಸಲ ತಟ್ಟೆ ತುಂಬಾ ಹಾಕೋ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ರೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ನೆನಪಿನ ತೊಂದರೆ ಇದ್ದವರಿಗೆ ಒಂದು ಸಲಕ್ಕೆ ಒಂದೇ ಮಾತು, ಒಂದೇ ಕೆಲಸ. ಮಾತ್ರೆಗೆ ಖಾನೆ ಇರೋ ಡಬ್ಬಿ. ಗೋಡೆ ಮೇಲೆ ಕ್ಯಾಲೆಂಡರ್. ಗಾಡಿ ಓಡಿಸೋದು ಡಾಕ್ಟರು ಸರಿ ಅಂದ ಮೇಲೆ. ಮೊದಲ ಕೆಲವು ತಿಂಗಳು ಜಮೀನು, ಸಾಲ, ದೊಡ್ಡ ಮೊತ್ತದ ಸಹಿ ಇಂಥವನ್ನ ಅವರೊಬ್ಬರ ಮೇಲೇ ಹಾಕಬೇಡಿ. ಹಾಗಂತ ಅವರನ್ನ ಬಿಟ್ಟೂ ಮಾಡಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಸಲ ಓದಿ ಹೇಳಿ ಮಾಡಿ.

ನಮ್ಮ ದೊಡ್ಡಪ್ಪನ ವಿಷಯದಲ್ಲೂ ದಾರಿ ಸಿಕ್ಕಿದ್ದು ಹೀಗೇ. ಫಾಲೋ ಅಪ್‌ಗೆ ಹೋದಾಗ ಡಾಕ್ಟರು ಇದು ಐಸಿಯು ಆದಮೇಲೆ ಬರೋ ತೊಂದರೆ ಅಂತ ದೊಡ್ಡಮ್ಮನಿಗೆ ಬಿಡಿಸಿ ಹೇಳಿದರು. ಮತ್ತೆ ಅಂಗಡಿ ಶುರುವಾಯ್ತು, ದಿನಕ್ಕೆ ಎರಡೇ ಗಂಟೆ, ಗಿರಾಕಿ ಕಡಿಮೆ ಇರೋ ಹೊತ್ತಲ್ಲಿ. ನಿಂತು ಕಟ್ಟಿಕೊಡೋ ಬದಲು ಸ್ಟೂಲ್. ಬಾಯಿಲೆಕ್ಕದ ಬದಲು ಕ್ಯಾಲ್ಕುಲೇಟರ್. ಉದ್ರಿ ಬರೆದ ತಕ್ಷಣ ಗಿರಾಕಿಗೇ ಓದಿ ಹೇಳೋದು. ಎಂಟು ತಿಂಗಳಿಗೆ ಪೂರ್ತಿ ದಿನ ಕೂರೋ ಹಾಗಾದರು. ಕ್ಯಾಲ್ಕುಲೇಟರ್ ಈಗಲೂ ಇದೆ. ಮೊದಮೊದಲು ಅದನ್ನ ಡ್ರಾಯರ್‌ನಲ್ಲಿ ಮುಚ್ಚಿಡ್ತಿದ್ರು, ಈಗ ತಕ್ಕಡಿ ಪಕ್ಕದಲ್ಲೇ ಇರುತ್ತೆ.

ಎಲ್ಲರಿಗೂ ಪೂರ್ತಿ ಮೊದಲಿನ ಹಾಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಮೊದಲಿನ ಹಾಗೆ ಆಗೋದು ಒಂದು ಗುರಿ, ಈಗ ಇರೋ ಶಕ್ತಿಯಲ್ಲಿ ಬದುಕು ನಡೆಸೋದು ಇನ್ನೊಂದು. ಎರಡಕ್ಕೂ ಬೆಲೆ ಇದೆ. ಹೋಲಿಸೋದಾದರೆ ಕಾಯಿಲೆಗೆ ಮುಂಚಿನ ದಿನದ ಜೊತೆ ಬೇಡ, ಹೋದ ವಾರದ ಜೊತೆ ಹೋಲಿಸಿ.

ದುಡ್ಡಿನ ಮಾತು

ಐಸಿಯು ಬಿಲ್ಲಿಗೆ ಎಲ್ಲರೂ ಹೆದರ್ತೀವಿ. ಆಮೇಲಿನ ಖರ್ಚಿಗೆ ಯಾರೂ ಲೆಕ್ಕ ಹಾಕಿರಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ ವಿಶ್ಲೇಷಣೆ ಪ್ರಕಾರ, ಮೊದಲು ದುಡೀತಿದ್ದವರಲ್ಲಿ ಮೂರು ತಿಂಗಳ ಹೊತ್ತಿಗೆ ಮೂರರಲ್ಲಿ ಎರಡು ಭಾಗ, ಒಂದು ವರ್ಷಕ್ಕೆ ಐದರಲ್ಲಿ ಎರಡು ಭಾಗ ಜನ ಕೆಲಸಕ್ಕೆ ವಾಪಸ್ ಹೋಗಿರಲ್ಲ. ಅಂದ್ರೆ ಆದಾಯ ನಿಂತಿರುತ್ತೆ, ಫಿಸಿಯೋಥೆರಪಿ, ಔಷಧಿ, ಓಡಾಟದ ಖರ್ಚು ನಡೀತಿರುತ್ತೆ.

ಆಯುಷ್ಮಾನ್ ಭಾರತ್ ಯೋಜನೆಯ ರಾಷ್ಟ್ರೀಯ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲಿನ 15 ದಿನದ ವೆಚ್ಚ ಸೇರಿದೆ. ಖಾಸಗಿ ವಿಮೆಯಲ್ಲಿ ಸಾಮಾನ್ಯವಾಗಿ 60 ಅಥವಾ 90 ದಿನ ಅಂತ ಇರುತ್ತೆ, ನಿಮ್ಮ ಪಾಲಿಸಿಯಲ್ಲಿ ಎಷ್ಟು ಅಂತ ನೋಡಿ. ಫಿಸಿಯೋಥೆರಪಿ ಬೇಕು ಅಂತ ಡಾಕ್ಟರ ಕೈಯಲ್ಲಿ ಚೀಟಿಯಲ್ಲೇ ಬರೆಸಿಕೊಳ್ಳಿ, ಬಿಲ್ ಎಲ್ಲಾ ಜೋಪಾನ ಮಾಡಿ. ಇಎಸ್‌ಐ ಇದ್ದವರಿಗೆ, ವಂತಿಗೆಯ ಷರತ್ತು ಪೂರೈಸಿದ್ರೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತೆ. ಬಹಳ ಕಾರ್ಮಿಕರು ಕೇಳೋದೇ ಇಲ್ಲ, ಕೇಳಿ. ಕೆಲಸದ ಕಡೆಯೂ "ಪೂರ್ತಿ ಬರ್ತೀನಿ ಇಲ್ಲವೇ ಬಿಡ್ತೀನಿ" ಅನ್ನೋ ಬದಲು ಅರ್ಧ ದಿನ, ಹಗುರ ಕೆಲಸ ಅಂತ ಡಾಕ್ಟರ ಪತ್ರದ ಜೊತೆ ಕೇಳಿ ನೋಡಿ.

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ದಿನವೇ ನಾಲ್ಕು ಪ್ರಶ್ನೆ ಕೇಳಿ. ವೆಂಟಿಲೇಟರ್ ಮೇಲೆ ಎಷ್ಟು ದಿನ ಇದ್ರು? ಡಿಲೀರಿಯಂ ಆಗಿತ್ತಾ? ಐಸಿಯುನಲ್ಲಿ ಶುರುಮಾಡಿದ ಯಾವ ಮಾತ್ರೆ ಯಾವಾಗ ನಿಲ್ಲಿಸಬೇಕು? ಮುಂದೆ ತೊಂದರೆ ಆದ್ರೆ ಯಾರನ್ನ ನೋಡಬೇಕು? ಮೂರನೆಯದು ಮುಖ್ಯ. ಆಸ್ಪತ್ರೆಗೆ ಮಾತ್ರ ಬೇಕಿದ್ದ ನಿದ್ದೆ ಮಾತ್ರೆ, ಗ್ಯಾಸ್ ಮಾತ್ರೆ ಮನೆಯಲ್ಲೂ ತಿಂಗಳುಗಟ್ಟಲೆ ಮುಂದುವರಿಯೋದುಂಟು. ಆದ್ರೆ ಕೇಳದೆ ನೀವೇ ನಿಲ್ಲಿಸಬೇಡಿ.

ನೋಡಿಕೊಳ್ಳೋರನ್ನ ನೋಡೋರು ಯಾರು?

ಪಿಕ್ಸ್‌ಗೆ ಇನ್ನೊಂದು ಕವಲಿದೆ, ಮನೆಯವರದು. ಐಸಿಯು ಬಾಗಿಲ ಹೊರಗೆ ಕಾದು ಕೂತವರಿಗೂ ಆತಂಕ, ಖಿನ್ನತೆ, ನಿದ್ದೆಗೇಡು ತಿಂಗಳುಗಟ್ಟಲೆ ಕಾಡುತ್ತೆ. ಫೋನ್ ರಿಂಗಾದ್ರೆ ಎದೆ ಧಸಕ್ ಅನ್ನುತ್ತೆ. ನಮ್ಮಲ್ಲಿ ಹೆಚ್ಚಾಗಿ ಇದನ್ನ ಹೊರೋರು ಹೆಂಡತಿ, ಸೊಸೆ, ಮಗಳು. ಇನ್ನು ಐಸಿಯುನಿಂದ ಬಂದವರು ಸ್ವತಃ ಮನೆಯ ಹೆಂಗಸೇ ಆಗಿದ್ರೆ ಇನ್ನೂ ಕಷ್ಟ. ಗಂಡಸಿಗೆ ಸಿಗೋ ರಜೆ ಅವರಿಗೆ ಸಿಗಲ್ಲ, ಹತ್ತು ದಿನಕ್ಕೆ ಒಲೆ ಮುಂದೆ ನಿಂತಿರ್ತಾರೆ. ಹಾಗಾಗಿ ಯಾರು ಯಾವ ದಿನ ಏನು ಮಾಡ್ತಾರೆ ಅಂತ ಪಾಳಿ ಹಾಕಿ ಬರೆದು ಅಂಟಿಸಿ. ನೋಡೋಕೆ ಬರೋ ನೆಂಟರು ಹಾರ್ಲಿಕ್ಸ್ ಬಾಟಲಿ ಬದಲು ಒಂದು ಮಧ್ಯಾಹ್ನ ರೋಗಿ ಜೊತೆ ಕೂತ್ರೆ, ಆ ಮನೆಯವರು ಎರಡು ಗಂಟೆ ನಿದ್ದೆ ಮಾಡ್ತಾರೆ.

ಉಸಿರಾಟ ಕಷ್ಟ ಆದ್ರೆ, ಎದೆನೋವು, ಜ್ವರ, ಹೊಸದಾಗಿ ಗೊಂದಲ ಬಂದ್ರೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ ಅಥವಾ 108ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟಕ್ಕೆ, ರೋಗಿಗಾಗಲಿ ನೋಡಿಕೊಳ್ಳೋರಿಗಾಗಲಿ, ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಬದುಕೋದೇ ಬೇಡ ಅಂತ ಯಾರಾದರೂ ಅಂದ್ರೆ ಅದನ್ನ ಬೇಜಾರಿನ ಮಾತು ಅಂತ ತಳ್ಳಿಹಾಕಬೇಡಿ, ಒಂಟಿಯಾಗಿ ಬಿಡಬೇಡಿ, ತಕ್ಷಣ ಫೋನ್ ಮಾಡಿ.

ಈ ಸಂಚಿಕೆ ಕೇಳ್ತಿರೋ ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗಲೇ ಒಬ್ಬರು ಇಂಥವರು ಇರಬಹುದು, ಒಳಗಿನ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿರಬಹುದು. ಅವರಿಗೆ ಇದನ್ನ ಕೇಳಿಸಿ, ಅಥವಾ ಓದಿ ಹೇಳಿ. "ಇದು ನಿಮ್ಮ ತಪ್ಪಲ್ಲ, ಇದಕ್ಕೊಂದು ಹೆಸರಿದೆ, ಸಮಯ ಹಿಡಿಯುತ್ತೆ, ನಾವು ಜೊತೆಗಿದ್ದೀವಿ" ಅನ್ನಿ. ಆಮೇಲೆ ಕುರ್ಚಿಯೊಂದನ್ನ ಗೋಡೆಗೆ ಒತ್ತಿಡಿ. ಇವತ್ತಿಗೆ ಮೂರು ಸಲ ಸಾಕು.